ಮಲಗಿದ ತಾಂಡೇಲ

ಕೋಡಿಬಾಗದ ಮರಳಲ್ಲಿ ಇಳಿತದ ಹೊತ್ತು ನೋಡಿ
ನಮ್ಮ ಶಾಲೆ ತೆರೆಯುತ್ತದೆ. ಗಂಟೆಯಿಲ್ಲ.
ಐಸ್ ಫ್ಯಾಕ್ಟರಿಯ ಲೆಕ್ಕದ ಪುಸ್ತಕ ಮುಚ್ಚಿ
ಸೀರೆ ಬಿಟ್ಟು ಪ್ಯಾಂಟು ತೊಟ್ಟು ಬರುತ್ತೇನೆ ನಾನು,
ಚೀಲದಲ್ಲಿ ಮೂರು ಚೆಂಡು, ಒಂದಕ್ಕೆ ಉಬ್ಬಸ.

ಹದಿನಾಲ್ಕು ಮಕ್ಕಳು.
ಬೂಟು ಒಂದು ಜೊತೆ ಇದೆ, ಯಾರ ಕಾಲಿಗೂ ಆಗದು,
ಗೋಲಿನ ಕಂಬಗಳಾಗಿ ಆಚೆ ಈಚೆ ನಿಂತಿದೆ.

ಮೊದಲು ಏಡಿಯಾಟ:
ಅಂಗೈ ಅಂಗಾಲು ಊರಿ, ಹೊಟ್ಟೆ ಆಕಾಶಕ್ಕೆ ಮಾಡಿ
ಹಾಗೇ ನಡೆದು ಒದೆಯಬೇಕು.
ಇನಾಸ ನಗುತ್ತ ನಗುತ್ತ ಕುಸಿಯುತ್ತಾನೆ.
ನಿಜವಾದ ಏಡಿಯೊಂದು ಬಿಲದ ಬಾಗಿಲಿಗೆ ಬಂದು
ಕಣ್ಣಿನ ಕಡ್ಡಿ ನಿಗುರಿಸಿ ನೋಡಿ
ಇವಕ್ಕೆ ಬರುವುದಿಲ್ಲ ಎಂದು ಒಳಗೆ ಹೋಗುತ್ತದೆ.

ಎರಡನೆಯದಕ್ಕೆ ಹೆಸರಿಲ್ಲ. ಎದುರಾಳಿ ಅಲೆ.
ಅದು ಹಿಂದೆ ಸರಿದಾಗ ಚೆಂಡು ತಳ್ಳುತ್ತ ಹೋಗಿ
ಒದ್ದೆ ಗೆರೆ ಮುಟ್ಟಿ ತಿರುಗಬೇಕು, ಅದು ಬರುವ ಮೊದಲು.
ಬಾಗಿದ ಮೊಣಕಾಲು, ಪಾದದ ಅಂಚು, ಭುಜ ಹೇಳುವ ಸುಳ್ಳು
ಎಲ್ಲ ಕಲಿಸಿದ್ದು ನೀರು.
ನಾಲ್ಕನೆಯ ಚೆಂಡೊಂದಿತ್ತು, ಅದನ್ನು ಗುರುದಕ್ಷಿಣೆಯಾಗಿ ಇಟ್ಟುಕೊಂಡಿತು.

ಆದರೆ ಎಲ್ಲರೂ ಕಾಯುವುದು ಮಲಗಿದ ತಾಂಡೇಲನಿಗೆ.
ಒಬ್ಬರು ಕಣ್ಣು ಮುಚ್ಚಿ ಮರಳಿನ ಮೇಲೆ ಬೋರಲು,
ರಾತ್ರಿಯೆಲ್ಲ ಬಲೆ ಎಳೆದು ಬಂದವರ ಹಾಗೆ.
ಉಳಿದವರು ಚೆಂಡಿನ ಜೊತೆ ತಲೆಯ ಪಕ್ಕದಿಂದಲೇ
ಸದ್ದಿಲ್ಲದೆ ದಾಟಬೇಕು. ಕೇಳಿಸಿತೋ, ಎದ್ದ!
"ಯಾರೋ ಅದು ನನ್ನ ದೋಣಿ ಬಿಚ್ಚಿದ್ದು?"
ಆಮೇಲೆ ಓಟ, ಕಿರುಚಾಟ, ಬಾಯಿ ತುಂಬ ಮರಳು.

ಇದು ಮನೆಯಲ್ಲೇ ರೂಢಿಯಾದದ್ದು ಇವರಿಗೆ.
ಬೆಳಿಗ್ಗೆ ಹತ್ತಕ್ಕೆ ಇರುವ ಒಂದೇ ಕೋಣೆಯಲ್ಲಿ
ಅಪ್ಪ ಮಲಗಿರುವಾಗ ತಟ್ಟೆ ತೊಳೆಯುವುದು,
ಮಗ್ಗಿ ಹೇಳುವುದು, ಜಗಳ ಕೂಡ
ತುಟಿಯಲ್ಲೇ.
ಅದನ್ನು ಪಾದಕ್ಕೆ ಇಳಿಸಿ ಎಂದೆ, ಅಷ್ಟೆ.

ಶೇವಂತಿ ಹರಿಕಂತ್ರಳಿಗೆ ಜೋರಾಗಿ ಒದೆಯಲು ಬರದು.
ಚೆಂಡಿಗೆ ನೋವಾದೀತೆಂಬಂತೆ ಮುಟ್ಟುತ್ತಾಳೆ.

ಡಿಸೆಂಬರಿನಲ್ಲಿ ಪೇಟೆಯ ಮೈದಾನಕ್ಕೆ ಹೋದೆವು.
ಗಟ್ಟಿ ನೆಲ, ಸುಣ್ಣದ ಗೆರೆ,
ಎದುರಿನವರಿಗೆಲ್ಲ ಒಂದೇ ಬಣ್ಣದ ಕಾಲುಚೀಲ.
ಮರಳಲ್ಲಿ ಹೇಳಿದಲ್ಲಿ ನಿಲ್ಲುವ ಚೆಂಡು
ಇಲ್ಲಿ ಹಗ್ಗ ಬಿಚ್ಚಿದ ಕರು.
ಆರು ಗೋಲು ತಿಂದೆವು.
ಇನಾಸ ಬಂದು ಕೇಳಿದ: "ಬಾಯಿ, ಇಲ್ಲಿ ಅಲೆ ಎಲ್ಲಿ?"

ಕೊನೆಯ ಹೊತ್ತು. ಅವರ ಗೋಲಿ ಕಂಬಕ್ಕೊರಗಿ
ಗೇಟಿನ ಬಳಿಯ ವಡಾಪಾವಿನ ಗಾಡಿ ನೋಡುತ್ತಿದ್ದ.
ಚೆಂಡು ಹೇಗೋ ಶೇವಂತಿಯ ಹತ್ತಿರ.
"ಒದಿ!" ಎಂದು ಕೂಗಲು ನಾನು ಬಾಯಿ ತೆರೆದೆ,
ಇನಾಸ ತುಟಿಗೆ ಬೆರಳಿಟ್ಟ.
ನಮ್ಮವರೆಲ್ಲ ಒಮ್ಮೆಲೇ ಮೌನ.
ಅವಳು ಹೊರಟಳು,
ಬೆರಳ ತುದಿಯಿಂದ ಒಂದು, ಅಂಚಿನಿಂದ ಒಂದು,
ಮಲಗಿದವರ ಕಿವಿಯ ಪಕ್ಕ ಹಾಯುವ ಹಾಗೆ.
ಚೆಂಡು ಗೆರೆ ದಾಟಿ ಬಲೆಯ ಬುಡದಲ್ಲಿ ಕುಳಿತ ಮೇಲೇ
ರೆಫರಿಗೆ ಸೀಟಿ ನೆನಪಾಯಿತು.

ಆರು-ಒಂದು. ಟೆಂಪೋದಲ್ಲಿ ದಾರಿಯುದ್ದಕ್ಕೂ ವಾದ:
ಆ ಹುಡುಗ ನಿಜವಾಗಿ ಮಲಗಿದ್ದನೋ ಇಲ್ಲವೋ,
ಮಲಗದಿದ್ದರೆ ಗೋಲು ಲೆಕ್ಕಕ್ಕೆ ಬರುತ್ತದೋ.

ಮರುದಿನ ತಾಂಡೇಲನ ಸರದಿ ನನಗೆ ಬಂತು.
ತಿಂಗಳ ಕೊನೆಯ ಲೆಕ್ಕ, ಬೆಚ್ಚಗಿನ ಮರಳು,
ನಿಜಕ್ಕೂ ನಿದ್ದೆ ಹೋದೆ.
ಎದ್ದಾಗ ಉಬ್ಬರ ಹಿಮ್ಮಡಿಗೆ ಬಂದಿತ್ತು.
ಸುತ್ತ ಚೆಂಡು ಹೊರಳಿದ ಜಾಡುಗಳು, ಎಣಿಸಿದರೆ ಹದಿಮೂರು.
ಇನ್ನೊಂದು ಎಲ್ಲಿ ಎಂದು ಹುಡುಕಿದೆ:
ನನ್ನ ಕಿವಿಗೂ ಹೆಗಲಿಗೂ ನಡುವೆ, ಗೇಣಗಲದಲ್ಲಿ.