ಕಾಯಿ

ತಿಕೋಟಾ ದಾಟಿದ ಮೇಲೆ ಎಡಕ್ಕೆ ಸಿಗುವ
ಸಾವಳಗಿಯವರ ಕೋಲ್ಡ್ ಸ್ಟೋರೇಜಿನಲ್ಲಿ
ತಿಂಗಳ ಕೊನೆಗೆ ಬಾಡಿಗೆ ಬಿಲ್ಲು ಹೊರಡುವುದಕ್ಕೆ
ನಲವತ್ಮೂರು ನಿಮಿಷ.

"ಕಂಪ್ಯೂಟರ್ ಮುದುಕಾಗೈತಿ, ಹೊಸಾದು ತರೂಣು"
ಅಂದರು ಸಾಹುಕಾರರು.
ನನ್ನ ಅನುಮಾನ ಬೇರೆಯದರ ಮೇಲೆ:
ಬಾಡಿಗೆ ಲೆಕ್ಕದ ಆ ಗಂಟುಗಂಟು ಭಾಗ.
ಹಸಿರು ಮಣೂಕಕ್ಕೊಂದು ದರ, ಕಪ್ಪಿಗೊಂದು,
ಅರ್ಧ ತಿಂಗಳಿಟ್ಟವರಿಗೆ ಅರ್ಧವೋ ಪೂರಾನೋ ಎಂಬ ತಕರಾರು.
ಎರಡು ರಾತ್ರಿ ಅದನ್ನೇ ಬಿಚ್ಚಿ, ಹೊಸೆದು, ಕಟ್ಟಿದೆ.
ಉಳಿದದ್ದು ಹನ್ನೊಂದು ಸೆಕೆಂಡು.

ಊಹೆ ಸಾಕು, ಅಳೆದೇ ನೋಡೋಣವೆಂದು
ಪ್ರೊಫೈಲರ್ ಹಚ್ಚಿದೆ.
ಅದು ಹೆಚ್ಚೇನೂ ಮಾಡುವುದಿಲ್ಲ. ಸೆಕೆಂಡಿಗೆ ನೂರು ಸಲ
ಬಾಗಿಲು ಬಡಿದು ಕೇಳುತ್ತದೆ: ಈಗೆಲ್ಲಿದ್ದಿ?
ಉತ್ತರಕ್ಕೊಂದು ಗೀಟು ಎಳೆದು
ಮತ್ತೆ ಬಡಿಯುತ್ತದೆ.

ಮೊದಲ ಸಲ ದುಡಿದ ಹೊತ್ತನ್ನಷ್ಟೇ ಎಣಿಸಿತು.
ಮೂರು ನಿಮಿಷ.
ಹಂಗಾರ ಉಳಿದ ನಲವತ್ತು?
ಎರಡನೆಯ ಸಲ ಗೋಡೆಯ ಗಡಿಯಾರ ಕೈಗೆ ಕೊಟ್ಟು ಕೂರಿಸಿದೆ.
ಬಾಡಿಗೆ, ನೂರಕ್ಕೆ ನಾಲ್ಕು. ಉಳಿದ ಚಿಲ್ಲರೆ ಎಲ್ಲ ಸೇರಿ ಮೂರು.
ತೊಂಬತ್ಮೂರು ಗೀಟು ಒಂದೇ ಹೆಸರಿನಡಿ,
ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ:
ಕಾಯಿ.

ಮಾಗದ ದ್ರಾಕ್ಷಿಯ ಲೆಕ್ಕವಿರಬೇಕು ಅಂದುಕೊಂಡು
ಒಳಗೆ ಇಣುಕಿದರೆ ಲೆಕ್ಕವೇ ಇಲ್ಲ.
ಒಂದೇ ಸಾಲು, ಅರ್ಧ ಸೆಕೆಂಡು ಸುಮ್ಮನಿರು ಎಂದು.
ಮೇಲೊಂದು ಟಿಪ್ಪಣಿ:
"ಪ್ರಿಂಟರಿಗೆ ದಮ್ಮ ಹತ್ತತೈತಿ.
ಅವಸರ ಮಾಡಿದ್ರ ಹಾಳಿ ಹರೀತೈತಿ. ಇಮಾಮಹುಸೇನ."

ಹಲ್ಲು ಕಡಿಯುತ್ತ ಒಂದೊಂದೇ ಸಾಲು ಒತ್ತುತ್ತಿದ್ದ
ಆ ಪ್ರಿಂಟರು ಗುಜರಿಗೆ ಹೋಗಿ ಆರು ವರ್ಷ.
ಇಮಾಮಹುಸೇನ ಈಗ ಇಂಡಿಯಲ್ಲಿ
ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ.
ನಾಲ್ಕು ಸಾವಿರದ ಎಂಟುನೂರು ಸಾಲು.
ಸಾಲುಸಾಲಿಗೂ ನಿಂತು
ಇಲ್ಲದ ಯಂತ್ರಕ್ಕೆ ಉಸಿರಾಡಲು ಬಿಟ್ಟು
ಮುಂದೆ ಹೋಗುತ್ತಿತ್ತು ಈ ಬಿಲ್ಲು,
ತಿಂಗಳು ತಿಂಗಳು, ಯಾರಿಗೂ ಹೇಳದೆ.

ಅರ್ಧವನ್ನು ಸೊನ್ನೆ ಮಾಡಿದೆ.
ಟಿಪ್ಪಣಿ ಅಳಿಸಲು ಕೈ ಬರಲಿಲ್ಲ.

ಮೂರು ನಿಮಿಷದ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು ಸಾಹುಕಾರರು.
ಆಮೇಲೆ ಕಿಟಕಿಯಾಚೆ,
ಮಣೂಕದ ತೊಟ್ಟು ಬಿಡಿಸುವ ಹೆಂಗಸರ ಕಡೆ:
"ಇದನ್ನ ಅವರ ಮ್ಯಾಲೂ ಹಚ್ಚಾಕ ಬರತೈತೇನ್ರೀ?"

"ಇಲ್ರೀ" ಅಂದೆ.
ಬರುತ್ತದೆಂದು ಗೊತ್ತಿತ್ತು.

ಆ ನಲವತ್ತು ನಿಮಿಷ ನಾನೆಲ್ಲಿರುತ್ತಿದ್ದೆನೆಂದು
ಯಾರೂ ಗೀಟು ಎಳೆದಿಲ್ಲ.
ಶೆಡ್ಡಿನ ಕಟ್ಟೆಯ ಮೇಲೆ, ತಂಗೆವ್ವನ ಪಕ್ಕ.
ಅವಳ ಬುಟ್ಟಿಗೆ ಕೈಹಾಕಿ ತೊಟ್ಟು ಕೀಳುತ್ತ
ಅವಳ ಎಮ್ಮೆಯ ಸುದ್ದಿ, ಸೊಸೆಯ ಸುದ್ದಿ,
ಮತ್ತೆ ಎಮ್ಮೆಯದೇ.

ಇವತ್ತು ಹೋದಾಗ ಅವಳಿನ್ನೂ
ಬುಟ್ಟಿ ತುಂಬಿಕೊಂಡಿರಲಿಲ್ಲ.
"ಬಿಲ್ಲ ನಿಂತೈತೇನ ತಂಗಿ?"
"ಇಲ್ಲಬೇ, ಮುಗದೈತಿ."
"ಹಂಗಾರ ಯಾಕ ಬಂದಿ?"
ಅಂದವಳು
ಸರಿದು ಜಾಗ ಮಾಡಿದಳು.