ಹಿಗ್ಗಿದ ಬಳಿ

ಮೈಂದರ್ಗಿ ಸಂತ್ಯಾಗ ನನ್ನ ಗೋಣಿತಾಟಿನ ಮ್ಯಾಲ
ಹೋದ ದೀಪಾವಳಿಯಿಂದ ಒಂದು ಮಾತಾಡೋ ಡಬ್ಬಿ ಕುಂತದ.
ಸೋಲಾಪುರದಿಂದ ಕಂಪನಿ ಹುಡುಗ ಬಂದು
ಅದರೊಳಗ ಮರಾಠಿ ತುಂಬಿ ಹೋದ.
ದೋನಶೇ ರುಪಯೇ ಪ್ರಾಪ್ತ ಝಾಲೇ –
ಸಂತಿಗೆ ಸಂತಿನೇ ಹೊಳ್ಳಿ ನೋಡ್ತದ.
ಪ್ರಾಪ್ತ ಅನ್ನೋದು ಪುರಾಣದಾಗ ಕೇಳಿದ ಮಾತು,
ಬಳಿ ಮಾರಾಕಿಗೆ ಅಷ್ಟು ದೊಡ್ಡದು ಯಾಕ ಬೇಕು?

ಮೊದಲಿನ ರೊಕ್ಕ ಹಂಗಿರಲಿಲ್ಲ.
ಸೆರಗಿನ ಗಂಟಿನಾಗ ಬೆವತು,
ಸಾಸಿವಿ ಡಬ್ಬಿ ವಾಸನಿ ಹಿಡಿದು
ಒಂದೀಟು ಬೆಚ್ಚಗಿರ್ತಿತ್ತು.
ಬಳಿ ಏರಿಸಿಕೊಂಡ ಕೈಯಿಂದ ಏರಿಸಿದ ಕೈಗೆ
ಯಾರಿಗೂ ಕಾಣಲಾರದಂಗ ಜಾರ್ತಿತ್ತು.
ಜೋಳ ಕೊಟ್ಟವರದಾರ, ತಾಮ್ರದ ತಂಬಿಗಿ ಕೊಟ್ಟವರದಾರ.
ಯಾರ ಮನ್ಯಾಗಿಂದ ಏನು ಬಂತು
ಅಂತ ನನ್ನ ಬಾಯಿ ಎಂದೂ ಆಡಿಲ್ಲ.
ಡಬ್ಬಿ ಬಾಯಿಗೆ ಆ ನಿಯತ್ತಿಲ್ಲ.

ದುಧನಿ ಬ್ಯಾಳಿ ಮಿಲ್ಲಿನವರು ಈಗ ಪಗಾರ ಖಾತೇಕ್ಕ ಹಾಕ್ತಾರ.
ಖಾತೆ ಹೆಂಡತೀದು, ನಂಬರ್ ಗಂಡಂದು.
ಅಕಿ ಒಂದು ಚಹಾ ಕುಡಿದ್ರ
ಅವನ ಕಿಸೇದಾಗ ಟಿಣ್ ಅಂತದ.

ಉಪಾಯ ತೆಗೆದಾಕಿ ಮಾಣಿಕವ್ವ.
ಇಪ್ಪತ್ತರ ಬಳಿ ಇಟ್ಟುಕೊಂಡಳು,
ಇನ್ನೂರು ಒತ್ತಿದಳು.
"ಉಳಿದದ್ದು ನಿನ್ನ ಹಂತ್ಯಾಕ ಇರಲಿ ಜೈತುನಬಿ,
ಕೇಳಿದಾಗ ಕೊಡು."
ಮುಂದಿನ ಸೋಮಾರ ಮೂರು ಮಂದಿ.
ಅದರ ಮುಂದ ಹದಿನಾಲ್ಕು.

ನನಗ ಓದು ಬರೂದಿಲ್ಲ.
ಒಬ್ಬೊಬ್ಬರಿಗೆ ಒಂದೊಂದು ದಾರ ಮಾಡಿದೆ.
ನೂರಕ್ಕ ಹಸರು ಬಳಿ, ಐವತ್ತಕ್ಕ ಕೆಂಪು,
ಹತ್ತಕ್ಕ ಕೂಸಿನ ಕರಿಬಳಿ.
ಗಂಟು ಮುಟ್ಟಿದರ ಹೆಸರು ಗೊತ್ತಾಗ್ತದ.
ಡಬ್ಬೀನ ಹಳೆ ಕೌದ್ಯಾಗ ಸುತ್ತಿ ಟ್ರಂಕಿಗೆ ಹಾಕಿದೆ,
ಈಗ ಅದು ಬಾವಿ ಒಳಗಿಂದ ಮಾತಾಡ್ತದ.

ಒಂದಿನ ಮಾಣಿಕವ್ವನ ಗಂಡ ಬಂದ,
ಫೋನು ನನ್ನ ಮಾರಿಗೆ ಹಿಡಿದ.
"ಮೂರು ತಿಂಗಳದಾಗ ಎರಡು ಸಾವಿರದ ಬಳಿ?
ಅಕಿಗೇನು ಹತ್ತು ಕೈ ಅದಾವ?"
ಹಿಗ್ಗಿದವು ಬಿಡಪ್ಪ, ಅಂದೆ.
ಅಂವ ಸುಮ್ಮನಾದ.
ಬಳಿ ಒಡೀತು ಅನಬಾರದು, ಹಿಗ್ಗಿತು ಅನಬೇಕು.
ಮರಾಠೇರೂ ಬೆಳೀತು ಅಂತಾರ.
ಭಾಷಾ ಎರಡು, ಹೆದರಿಕಿ ಒಂದೇ.
ಹಿಗ್ಗಿದ ಬಳಿ ಬಗ್ಗೆ ಎರಡನೇ ಪ್ರಶ್ನೆ ಕೇಳೋ ಗಂಡಸು
ಈ ಸೀಮ್ಯಾಗ ಇನ್ನ ಹುಟ್ಟಿಲ್ಲ.

ಎಲ್ಲಾರಕಿಂತ ಉದ್ದ ದಾರ ಚನ್ನಮಲ್ಲವ್ವಂದು.
ಹನ್ನೊಂದು ಹಸರು, ಒಂದು ಕೆಂಪು, ನಾಕು ಕರಿ.
ಆಷಾಢದಾಗ ಅಕಿ ಗಂಡ ಹೋದ.
ನಾಕು ಸಂತಿ ಬರಲಿಲ್ಲ.
ಐದನೇದಕ್ಕ ಬಂದು
ಸೆರಗಿನೊಳಗ ಕೈ ಇಟ್ಟುಕೊಂಡೇ ಕುಂತಳು.
ಮೂವತ್ತು ವರ್ಷ ನಾನೇ ಬಳಿ ಏರಿಸಿದ ಕೈ,
ನನಗ ಎಲ್ಲಿ ನೋಡಬೇಕೋ ತಿಳೀಲಿಲ್ಲ.
ಬಿಚ್ಚಿ ಕೊಡಲೇನು, ಅಂದೆ, ದಾರ ಮುಂದಿಟ್ಟು.
"ಬ್ಯಾಡ. ಫೋನು ಈಗ ಮಗನ ಕೈಗೆ ಹೋಗ್ಯಾದ.
ಇನ್ನೂ ಇನ್ನೂರು ಹಾಕ್ಕೋ."

ನನ್ನ ಬೆರಳು ಹಸರು ಬಳಿ ಮ್ಯಾಲ ನಿಂತವು.
ಬ್ಯಾರೆ ಏನರ ಪೋಣಸಲೇನವ್ವ ಲೆಕ್ಕಕ್ಕ?
ಗುಂಡಿ, ಪಿನ್ನು...
"ಹಸರೇ ಇರಲಿ," ಅಂದಳು.
"ಅಲ್ಲೆರ ಇರಲಿ."

ಟ್ರಂಕಿನಾಗ ಡಬ್ಬಿ ಗೊಣಗಿತು, ದೋನಶೇ.

ಆ ರಾತ್ರಿ ಮೊಮ್ಮಗ ಅಲ್ತಾಫಗ ಕೇಳಿದೆ,
ಮಂದಿ ಫೋನಿನಾಗ ನನ್ನ ಹೆಸರು ಏನಂತ ಬರ್ತದ?
"ಜೈತುನಬಿ ಬಾಂಗಡಿವಾಲಿ."
ಜನರಲ್ ಸ್ಟೋರ್ ಅಂತ ಮಾಡು.
"ಸ್ಟೋರ್ ಎಲ್ಲದ ದಾದಿ? ಇರೋದು ಗೋಣಿತಾಟು."
ಮಾಡಂದ್ರ ಮಾಡು.
ಬಳಿ ಅಂಗಡಿಗೆ ರೊಕ್ಕ ಹೋತು ಅಂದ್ರ
ಮಗ ಕೇಳ್ತಾನ, ಯಾರ ಕೈಗೆ ಅಂತ.

ನಾಳೆ ಎರಡು ಪಾಕೀಟು ಪಿನ್ನು,
ಒಂದು ಸುತ್ತು ರಿಬ್ಬನ್ ತರಬೇಕು.
ಪೂರಾ ಸುಳ್ಳಾಗಬಾರದು.