ಚಕ್ಕುಬಂದಿ

ಮೂಡಿಗೆರೆ ತಾಲ್ಲೂಕು ಕಚೇರಿಯ ಎದುರು
ಜೆರಾಕ್ಸ್ ಅಂಗಡಿಯ ತಗಡಿನ ಕೆಳಗೆ
ಮೂವತ್ತೊಂದು ವರ್ಷದಿಂದ ಕೂತು
ಊರವರ ಭೂಮಿಗೆ ನಾಲ್ಕು ಬದಿ ಕಟ್ಟಿಕೊಡುತ್ತೇನೆ.
ಪೂರ್ವಕ್ಕೆ ಹೂವೇಗೌಡರ ಹಿಡುವಳಿ,
ಪಶ್ಚಿಮಕ್ಕೆ ಸರ್ಕಾರಿ ಹಳ್ಳ,
ಉತ್ತರಕ್ಕೆ ಬಂಡಿದಾರಿ,
ದಕ್ಷಿಣಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು.
ಈ ಮಧ್ಯೆ ಇರುವುದು ನಿಮ್ಮದು.
ಇಷ್ಟೇ ವಿದ್ಯೆ. ಇದರಲ್ಲೇ ಇಬ್ಬರು ತಂಗಿಯರ ಮದುವೆ ಮಾಡಿದೆ.

ಹಳೇ ಪತ್ರಗಳ ಗಂಟು ಬಿಚ್ಚಿದರೆ ನಗು ಬರುತ್ತದೆ.
ಅಜ್ಜನ ಕ್ರಯಪತ್ರದಲ್ಲಿ ಮೈಸೂರು ಸಂಸ್ಥಾನ, ಕಡೂರು ಜಿಲ್ಲೆ.
ಮಗನ ವಿಭಾಗಪತ್ರದಲ್ಲಿ ಮೈಸೂರು ರಾಜ್ಯ, ಚಿಕ್ಕಮಗಳೂರು ಜಿಲ್ಲೆ.
ಮೊಮ್ಮಗ ದಾನಪತ್ರ ಬರೆಸುವ ಹೊತ್ತಿಗೆ ಕರ್ನಾಟಕ.
ಇಷ್ಟೆಲ್ಲ ವಿಳಾಸ ಕಂಡ ಒಂದೆಕರೆ ಹನ್ನೆರಡು ಗುಂಟೆ
ಕೂತಲ್ಲಿಂದ ಕದಲಿಲ್ಲ.
ಬಾಂದುಕಲ್ಲನ್ನು ಕೇಳಿದರೆ ಹೇಳೀತು:
ಯಾರೋ ಬಂದರು, ನೆತ್ತಿಯ ಮೇಲೆ ಗುರುತು ಕೆತ್ತಿ ಹೋದರು.
ಆಮೇಲೆ ಒಂದು ಎಮ್ಮೆ ಬಂದು
ಬೆನ್ನು ತಿಕ್ಕಿಕೊಂಡಿತು.

ಕಳೆದ ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲಿನ ನಡುವೆ,
ಎಸ್ಟೇಟ್ ರೈಟರ್ ಲಿಯೊ ಡಿಮೆಲ್ಲೊ
ಜೀಪಿನಿಂದ ಒಬ್ಬನನ್ನು ಇಳಿಸಿದ.
ಹೆಸರು ಹಸ್ಮತ್ ಅಲಿ.
ಬೆರಳ ತುದಿಗಳಿಗೆಲ್ಲ ಕಾಫಿಹಣ್ಣಿನ ಕಂದು ಅಂಟು.
'ಅಸ್ಸಾಮಿನವ. ಠಾಣೇಲಿ ಪಟ್ಟಿ ಕೇಳ್ತಿದಾರೆ.
ಒಂದು ಅಫಿಡವಿಟ್ ಮಾಡ್ಕೊಡಿ,
ಈಚೆ ಕಡೆಯವನೇ ಅಂತ.'
ಯಾವುದರ ಈಚೆ ಎಂದು ಲಿಯೊ ಹೇಳಲಿಲ್ಲ.
ಪುಟಕ್ಕಿಷ್ಟು ಎಂದು ಬರೆಯುವವನು ನಾನು,
ಆದರೂ ಕೇಳಲಿಲ್ಲ.

ಎರಡು ಕೊಯ್ಲಿನಷ್ಟು ಹಳೆಯದು ಅವನ ಕನ್ನಡ:
ಹಣ್ಣು, ಚೀಲ, ಕೆಜಿ, ನಾಳೆ, ಸಾಕು.
ಮಿಕ್ಕಿದ್ದಕ್ಕೆ ಲಿಯೊನ ಮುರುಕು ಹಿಂದಿ.
ತಂದೆಯ ಹೆಸರು ಆಯಿತು. ಊರು, ಅಂಚೆ, ಜಿಲ್ಲೆ ಆಯಿತು.
ಕೈಯ ಚಾಳಿ, ಕೇಳಿಬಿಟ್ಟೆ: ಜಮೀನಿತ್ತೇ? ಚಕ್ಕುಬಂದಿ ಹೇಳು.

ಪೂರ್ವಕ್ಕೆ?
ನದಿ.
ಪಶ್ಚಿಮಕ್ಕೆ?
ನದಿ.
ಉತ್ತರಕ್ಕೆ?
ದೊಡ್ಡಪ್ಪನ ಹೊಲ ಇತ್ತು. ಈಗ ನದಿ.
ದಕ್ಷಿಣಕ್ಕೆ ಸ್ವಲ್ಪ ಹೊತ್ತು ಯೋಚಿಸಿದ.
ಶಾಲೆ, ಎಂದ.
ಆಮೇಲೆ, ಅದೂ.
ಮಧ್ಯೆ?
ಕೇಳಬಾರದಿತ್ತು.

ಗೋಡೆಯಲ್ಲಿ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರು.
ತಿಂಗಳ ಮೇಲೆ ದೇಶದ ನಕ್ಷೆ; ಅಗಲ ಸಾಲದೆ
ಅಚ್ಚಿನವನು ಬಲಬದಿಯನ್ನು ಕತ್ತರಿಗೆ ಬಿಟ್ಟಿದ್ದ.
ತೋರಿಸು ಎಂದೆ, ಮಾತು ಬದಲಿಸಲು.
ಹಸ್ಮತನ ಬೆರಳು ನಮ್ಮಿಂದ ಹೊರಟು
ಗೋದಾವರಿ ದಾಟಿ, ಒಡಿಶಾ ದಾಟಿ,
ಹಾಳೆಯನ್ನೂ ದಾಟಿ
ಬರೀ ಗೋಡೆಯ ಸುಣ್ಣದ ಮೇಲೆ ನಿಂತಿತು.
ಇಲ್ಲಿ, ಎಂದ.

ಬರೆದೆ. ಆಧಾರ್ ನಂಬರನ್ನು ಅಂಕೆಯಲ್ಲೊಮ್ಮೆ,
ಯಾರೂ ಕೇಳದಿದ್ದರೂ ಅಕ್ಷರದಲ್ಲೊಮ್ಮೆ.
ಹೆಬ್ಬೆಟ್ಟಿಗೆಂದು ಇಂಕಿನ ಪ್ಯಾಡು ತೆರೆದರೆ
ಪೆನ್ನು ಈಸಿಕೊಂಡು ಸಹಿ ಮಾಡಿದ,
ತಲೆಗೆರೆ ಎಳೆದು ಹಣ್ಣಿನಂತೆ ಜೋತುಬಿಟ್ಟ ಲಿಪಿಯಲ್ಲಿ.
ಅಸ್ಸಾಮಿಯೋ ಬಂಗಾಳಿಯೋ ನನಗೆ ತಿಳಿಯಲಿಲ್ಲ.
ಠಾಣೆಯಲ್ಲೂ ತಿಳಿಯಲಾರದು.
ಭಯವೆಲ್ಲ ಅಷ್ಟರಲ್ಲೇ ಇದ್ದದ್ದು.

ಆ ರಾತ್ರಿ ನಿದ್ದೆ ಬಾರದೆ
ದೇಶಕ್ಕೇ ಒಂದು ಚಕ್ಕುಬಂದಿ ಬರೆಯಲು ಕೂತೆ.
ದಕ್ಷಿಣಕ್ಕೆ ನೀರು. ಸುಲಭ.
ಪಶ್ಚಿಮಕ್ಕೆ ಅರ್ಧ ನೀರು, ಅರ್ಧ ಮುಳ್ಳುತಂತಿ, ದೀಪ.
ಉತ್ತರಕ್ಕೆ ಹಿಮ, ಹಿಮದ ಮೇಲೆ ತಕರಾರು.
ತಕರಾರಿಗೆ ನಮ್ಮಲ್ಲೊಂದು ಸಿದ್ಧ ವಾಕ್ಯವಿದೆ:
'ಸದರಿ ಸ್ವತ್ತಿನ ಮೇಲೆ ಯಾವುದೇ ತಂಟೆ ತಕರಾರು ಇರುವುದಿಲ್ಲ.'
ಸಾವಿರ ಸಲ ಬರೆದಿದ್ದೇನೆ,
ಹೊರಗೆ ಅಣ್ಣತಮ್ಮಂದಿರು ಕತ್ತಿನಪಟ್ಟಿ ಹಿಡಿದು ನಿಂತಿದ್ದಾಗಲೂ.
ಪೂರ್ವಕ್ಕೆ, ಎಂದು ಬರೆದು
ಪೆನ್ನಿನ ಮುಚ್ಚಳ ಹಾಕಿದೆ.

ಜನವರಿಗೆ ಹೊಸ ಕ್ಯಾಲೆಂಡರು ಬಂತು, ಇನ್ನೂ ಕಿರಿದು.
ಹಳೆಯದನ್ನು ಇಳಿಸುತ್ತ ಅಂಗಡಿಯ ಯಶೋಧರೆ ಕೇಳಿದಳು:
ಗೋಡೆ ಮೇಲೆ ಇದೇನ್ರೀ ಕಲೆ?
ಕಾಫಿ, ಎಂದೆ.